ಊರಿನ ಗೆರೆ, ಶಾಲೆಯ ಗೆರೆ: ಬಾಸ್ಟನ್ ನಗರದ ಸಾರ್ವಜನಿಕ ಶಾಲೆಗಳ ಕಥೆ

(ಮೈಸೂರಿನಲ್ಲಿ ಶಿಕ್ಷಕರು ಮತ್ತು ಪೋಷಕರು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಸಮಯ ಸಾಲದೆ ಅಲ್ಲಿ ಬಿಟ್ಟಿದ್ದ ಕೆಲವು ಸಂಗತಿಗಳನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿರುವ ಮಗನೋ ಮಗಳೋ ಮನೆ ಕೊಂಡ ಸುದ್ದಿ ಹೇಳಿದಾಗ ನಾವು ಇಲ್ಲಿಂದ ಕೇಳುವುದು ಎಷ್ಟು ರೂಮು, ಬಾಗಿಲು ಯಾವ ದಿಕ್ಕಿಗೆ, ದೇವರ ಮನೆಗೆ ಜಾಗ ಇದೆಯಾ ಅಂತ. ಅವರು ಮೊದಲು ಹೇಳುವುದೇ ಬೇರೆ. "ಸ್ಕೂಲ್ ಡಿಸ್ಟ್ರಿಕ್ಟ್ ಚೆನ್ನಾಗಿದೆ ಅಮ್ಮ, ಅದಕ್ಕೇ ಜಾಸ್ತಿ ಕೊಟ್ಟು ತಗೊಂಡ್ವಿ." ಸ್ಕೂಲ್ ಡಿಸ್ಟ್ರಿಕ್ಟ್ ಅಂದರೆ ಒಂದೇ ಆಡಳಿತದ ಕೆಳಗಿರುವ ಸಾರ್ವಜನಿಕ ಶಾಲೆಗಳ ವ್ಯಾಪ್ತಿ. ಇಲ್ಲಿ ಕೂತಿರುವ ಎಷ್ಟೋ ಜನರಿಗೆ ಈ ಮಾತು ಪರಿಚಯ. ನಾನೂ ನನ್ನ ಅಮ್ಮನಿಗೆ ಇದೇ ಮಾತು ಹೇಳಿದವಳು. ಬಾಸ್ಟನ್ ನಗರದ ಪಶ್ಚಿಮಕ್ಕಿರುವ ಒಂದು ಉಪನಗರದಲ್ಲಿ ಹತ್ತೊಂಬತ್ತು ವರ್ಷ ಇದ್ದೆವು. ಇಬ್ಬರು ಮಕ್ಕಳೂ ಅಲ್ಲಿನ ಸಾರ್ವಜನಿಕ ಶಾಲೆಯಲ್ಲೇ ಓದಿದರು. ಫೀಸು ಅಂತ ಒಂದು ಡಾಲರ್ ಕಟ್ಟಲಿಲ್ಲ. ಆ ಶಾಲೆಯ ಬಗ್ಗೆ ನನಗೆ ಕೃತಜ್ಞತೆ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಮಗಳು ಮೂರನೇ ತರಗತಿಯಲ್ಲಿದ್ದಾಗ ಅವಳ ಪಕ್ಕದ ಡೆಸ್ಕಿನಲ್ಲಿ ಒಬ್ಬಳು ಹುಡುಗಿ ಕೂರುತ್ತಿದ್ದಳು. ನನ್ನ ಮಗಳು ಎಂಟು ಗಂಟೆಗೆ ಹಾಲು ಕುಡಿದು ಮನೆಯಿಂದ ಹೊರಟರೆ ಆ ಹುಡುಗಿ ಕತ್ತಲಿರುವಾಗಲೇ ಎದ್ದು, ಬಾಸ್ಟನ್ನಿನ ಡಾರ್ಚೆಸ್ಟರ್ ಬಡಾವಣೆಯಿಂದ ಬಸ್ಸು ಹತ್ತಿ ಅದೇ ಶಾಲೆಗೆ ಬರುತ್ತಿದ್ದಳು. ಒಂದು ದಿನ ಮಗಳು ಕೇಳಿದಳು, "ಅಮ್ಮಾ, ಅವಳ ಮನೆ ಹತ್ರ ಸ್ಕೂಲೇ ಇಲ್ವಾ?" ಇದೆ ಅಂದೆ. "ಮತ್ತೆ ಯಾಕೆ ಇಲ್ಲಿಗೆ ಬರ್ತಾಳೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಉತ್ತರ ಹುಡುಕುತ್ತಾ ಹೋದಾಗ ನನಗೆ ಸಿಕ್ಕ ಕಥೆಯನ್ನೇ ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ. ಇದು ಶಾಲೆಗಳ ಕಥೆಯೂ ಹೌದು, ಒಂದು ಗೆರೆಯ ಕಥೆಯೂ ಹೌದು.

ನಮ್ಮಲ್ಲಿ ಸರ್ಕಾರಿ ಶಾಲೆ ಅಂದರೆ ರಾಜ್ಯ ಸರ್ಕಾರದ ಶಾಲೆ. ಬೀದರಿನ ಮೇಷ್ಟ್ರಿಗೂ ಚಾಮರಾಜನಗರದ ಮೇಷ್ಟ್ರಿಗೂ ಒಂದೇ ಇಲಾಖೆ, ಒಂದೇ ಖಜಾನೆ. ಬಿಇಒ, ಡಿಡಿಪಿಐ, ಆಯುಕ್ತರು ಅಂತ ಮೇಲಿನಿಂದ ಕೆಳಗಿನವರೆಗೆ ಒಂದೇ ಏಣಿ. ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಹಾಗಿಲ್ಲ. ಅಲ್ಲಿ ಶಾಲೆ ಊರಿನದು. ಮೇಷ್ಟ್ರನ್ನು ನೇಮಿಸಿಕೊಳ್ಳುವುದು, ಸಂಬಳ ಕೊಡುವುದು, ಕಟ್ಟಡ ಕಟ್ಟುವುದು ಎಲ್ಲಾ ಆ ಊರಿನ ಹೊಣೆ. ರಾಜ್ಯ ನಿಯಮ ಮಾಡುತ್ತದೆ, ಸಹಾಯಧನ ಕೊಡುತ್ತದೆ. ಆದರೆ ಊರಿನ ಬೊಕ್ಕಸಕ್ಕೆ ಮುಖ್ಯವಾಗಿ ಹಣ ಬರುವುದು ಮನೆ ಕಂದಾಯದಿಂದ. ಶಾಲೆಯನ್ನು ನೋಡಿಕೊಳ್ಳಲು ಪ್ರತಿ ಊರಿಗೂ ಒಂದು ಸ್ಕೂಲ್ ಕಮಿಟಿ ಇರುತ್ತದೆ, ಅದು ಒಬ್ಬ ಸೂಪರಿಂಟೆಂಡೆಂಟ್ ಅವರನ್ನು ನೇಮಿಸುತ್ತದೆ. ಅಮೆರಿಕದ ಬೇರೆ ಎಷ್ಟೋ ರಾಜ್ಯಗಳಲ್ಲಿ ಸ್ಕೂಲ್ ಡಿಸ್ಟ್ರಿಕ್ಟ್ ಎಂಬುದು ನಗರಸಭೆಯಿಂದ ಪೂರ್ತಿ ಬೇರೆಯಾದ ಸಂಸ್ಥೆ, ತನ್ನ ತೆರಿಗೆಯನ್ನು ತಾನೇ ಹಾಕುತ್ತದೆ. ಬಾಸ್ಟನ್ನಿನಲ್ಲಿ ಕಮಿಟಿಗೆ ಆ ಅಧಿಕಾರ ಇಲ್ಲ. ಅದು ಬಜೆಟ್ ಮಾಡುತ್ತದೆ, ಹಣ ಕೊಡಬೇಕಾದದ್ದು ನಗರಸಭೆ. ಎಲ್ಲಾ ಕಡೆಯೂ ಸಮಾನವಾದದ್ದು ಒಂದೇ: ಗೆರೆ. ಗೆರೆಯ ಒಳಗೆ ಮನೆ ಇದ್ದರೆ ಶಾಲೆ ನಿಮ್ಮದು, ಹೊರಗೆ ಇದ್ದರೆ ಅಲ್ಲ.

ಈ ಗೆರೆ ಎಷ್ಟು ಹಳೆಯದು ನೋಡಿ. ಇಂಗ್ಲೆಂಡಿನಿಂದ ಹಡಗು ಹತ್ತಿ ಬಂದ, ಪ್ಯೂರಿಟನ್ ಎಂಬ ಕಟ್ಟುನಿಟ್ಟಿನ ಕ್ರೈಸ್ತ ಪಂಥದವರು ಬಾಸ್ಟನ್ ಊರು ಕಟ್ಟಿದ್ದು 1630ರಲ್ಲಿ. ಐದೇ ವರ್ಷಕ್ಕೆ, 1635ರ ಏಪ್ರಿಲ್‌ನಲ್ಲಿ, ಊರಿನವರು ಸಭೆ ಸೇರಿ ಫಿಲೆಮನ್ ಪೋರ್ಮೋರ್ಟ್ ಎಂಬವರನ್ನು ಮೇಷ್ಟ್ರಾಗಿ ಗೊತ್ತುಮಾಡಿದರು. ಅದೇ ಬಾಸ್ಟನ್ ಲ್ಯಾಟಿನ್ ಸ್ಕೂಲ್. ಹಾರ್ವರ್ಡ್‌ಗಿಂತ ಒಂದು ವರ್ಷ ದೊಡ್ಡದು, ಇವತ್ತಿಗೂ ನಗರದ ಸಾರ್ವಜನಿಕ ಶಾಲೆಯಾಗಿ ನಡೆಯುತ್ತಿದೆ. ಆಗ ಬೇರೆಯೇ ಊರಾಗಿದ್ದ ಡಾರ್ಚೆಸ್ಟರ್ 1639ರಲ್ಲಿ ತನ್ನ ಶಾಲೆಯನ್ನು ಶುರುಮಾಡಿ, ಥಾಂಪ್ಸನ್ ದ್ವೀಪದ ಜಮೀನಿನ ಮೇಲೆ ಹಾಕಿದ ಕಂದಾಯವನ್ನು ಅದರ ಖರ್ಚಿಗೆ ಬಿಟ್ಟುಕೊಟ್ಟಿತು. ನೆಲದ ಮೇಲಿನ ಕಂದಾಯದಿಂದ ಎಲ್ಲರ ಮಕ್ಕಳಿಗೂ ಶಾಲೆ ಎಂಬ ಏರ್ಪಾಡು ಅಲ್ಲಿಂದ ಬಂತು. 1647ರಲ್ಲಿ ಕಾನೂನೇ ಆಯಿತು: ಐವತ್ತು ಮನೆ ಇರುವ ಊರು ಓದು ಬರಹ ಕಲಿಸುವ ಒಬ್ಬ ಮೇಷ್ಟ್ರನ್ನು ಇಡಬೇಕು, ನೂರು ಮನೆ ಆದರೆ ಲ್ಯಾಟಿನ್ ಕಲಿಸುವ ಶಾಲೆಯನ್ನೇ ತೆರೆಯಬೇಕು. ಜನ ಬೈಬಲ್ ಓದದಂತೆ ಸೈತಾನ ತಡೆಯುತ್ತಾನೆ, ಅವನನ್ನು ಸೋಲಿಸಬೇಕಾದರೆ ಅಕ್ಷರ ಬೇಕು ಎಂಬುದು ಅವರು ಕೊಟ್ಟ ಕಾರಣ. ಕಾರಣ ಏನೇ ಇರಲಿ, ಮಕ್ಕಳಿಗೆ ಅಕ್ಷರ ಕಲಿಸುವುದು ಊರಿನ ಕರ್ತವ್ಯ ಎಂದು ಕಾನೂನಿನಲ್ಲಿ ಬರೆದದ್ದು ಬಹಳ ದೊಡ್ಡ ಕೆಲಸ. ನಮ್ಮ ಗೆರೆಯ ಬೇರು ಇರುವುದೂ ಅಲ್ಲೇ. ಶಾಲೆ ರಾಜ್ಯದ ಲೆಕ್ಕವಾಗಲಿಲ್ಲ, ಊರಿನ ಲೆಕ್ಕವಾಯಿತು.

ಮುಂದಿನ ನೂರೈವತ್ತು ವರ್ಷವನ್ನು ಬೇಗ ದಾಟಿಬಿಡೋಣ. 1789ರಲ್ಲಿ ಬಾಸ್ಟನ್ನಿಗೆ ಚುನಾಯಿತ ಸ್ಕೂಲ್ ಕಮಿಟಿ ಬಂತು. ಹೆಣ್ಣುಮಕ್ಕಳಿಗೆ ಶಾಲೆಯ ಬಾಗಿಲು ತೆರೆದದ್ದೂ ಆಗಲೇ, ಅದೂ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ. ಓದಲು ಬಂದರೆ ಮಾತ್ರ ಶಾಲೆಗೆ ಸೇರಿಸಿಕೊಳ್ಳುತ್ತಿದ್ದ ಕಾಲ ಅದು. ಮನೆಯಲ್ಲಿ ಓದು ಹೇಳಿಕೊಡುವವರು ಇಲ್ಲದ ಬಡವರ ಮಕ್ಕಳಿಗೆ 1818ರಲ್ಲಿ ಪ್ರಾಥಮಿಕ ಶಾಲೆಗಳು ಬಂದ ಮೇಲೆಯೇ ದಾರಿಯಾಯಿತು. 1821ರಲ್ಲಿ ಅಮೆರಿಕದ ಮೊದಲ ಸಾರ್ವಜನಿಕ ಹೈಸ್ಕೂಲ್ ಶುರುವಾದದ್ದೂ ಬಾಸ್ಟನ್ನಿನಲ್ಲೇ.

ಇಲ್ಲಿರುವ ಶಿಕ್ಷಕರಿಗಾಗಿ 1840ರ ದಶಕದಲ್ಲಿ ಸ್ವಲ್ಪ ನಿಲ್ಲುತ್ತೇನೆ. ಹೊರೇಸ್ ಮನ್ ಎಂಬ ವಕೀಲರು 1837ರಲ್ಲಿ ರಾಜ್ಯದ ಶಿಕ್ಷಣ ಮಂಡಳಿಯ ಕಾರ್ಯದರ್ಶಿಯಾದರು. ಯುರೋಪಿನ ಶಾಲೆಗಳನ್ನು ನೋಡಿ ಬಂದು, ನಮ್ಮ ಮೇಷ್ಟ್ರುಗಳು ಬೆತ್ತವನ್ನು ಅತಿಯಾಗಿ ನಂಬಿದ್ದಾರೆ, ಬಾಯಿಪಾಠವನ್ನೇ ಕಲಿಕೆ ಅಂದುಕೊಂಡಿದ್ದಾರೆ ಎಂಬ ಅರ್ಥ ಬರುವಂತೆ ವರದಿ ಬರೆದರು. ಬಾಸ್ಟನ್ನಿನ 31 ಮೇಷ್ಟ್ರುಗಳು ಸಹಿ ಹಾಕಿ ತಿರುಗೇಟು ಕೊಟ್ಟರು. ಅಲ್ಲಿಯವರೆಗೆ ಪರೀಕ್ಷೆ ಅಂದರೆ ಕಮಿಟಿಯವರು ವರ್ಷಕ್ಕೊಮ್ಮೆ ಶಾಲೆಗೆ ಬಂದು, ಮಕ್ಕಳನ್ನು ನಿಲ್ಲಿಸಿ, ಒಂದೆರಡು ಪ್ರಶ್ನೆ ಕೇಳಿ, ಹೊಗಳಿ ಹೋಗುವುದು. 1845ರಲ್ಲಿ ಮನ್ ಅವರ ಗೆಳೆಯ ಸ್ಯಾಮ್ಯುಯೆಲ್ ಗ್ರಿಡ್ಲಿ ಹೌ ಮತ್ತು ಸಂಗಡಿಗರು ಅಚ್ಚು ಹಾಕಿದ ಪ್ರಶ್ನೆಪತ್ರಿಕೆ ತಂದು, ಮೇಲಿನ ತರಗತಿಯ ಸುಮಾರು ಐನೂರು ಮಕ್ಕಳ ಮುಂದಿಟ್ಟು, ಬರೆಯಿರಿ ಅಂದರು. ಸರಿಯುತ್ತರ ಬಂದದ್ದು ಮೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಶಾಲೆ ಶಾಲೆಯ ಅಂಕವನ್ನು ಪಕ್ಕಪಕ್ಕ ಇಟ್ಟು ಹೋಲಿಸಿದರು. ಸಾರ್ವಜನಿಕ ಶಾಲೆಯಲ್ಲಿ ಇಷ್ಟು ದೊಡ್ಡದಾಗಿ ನಡೆದ ಮೊದಲ ಲಿಖಿತ ಪರೀಕ್ಷೆ ಇದು. ಅದರ ಗುರಿ ಮೇಷ್ಟ್ರನ್ನು ಅಳೆಯುವುದಾಗಿತ್ತು, ಬರೆದವರು ಮಕ್ಕಳು. ಶಾಲೆಗಳ ಫಲಿತಾಂಶದ ಪಟ್ಟಿ ಬಂದಾಗಲೆಲ್ಲ ನನಗೆ 1845 ನೆನಪಾಗುತ್ತದೆ.

ಎರಡು ವರ್ಷದ ನಂತರ ಕ್ವಿನ್ಸಿ ಸ್ಕೂಲ್ ಎಂಬ ನಾಲ್ಕು ಅಂತಸ್ತಿನ ಕಟ್ಟಡ ಎದ್ದಿತು. ಅದಕ್ಕೆ ಮೊದಲು ಶಾಲೆ ಅಂದರೆ ಒಂದು ದೊಡ್ಡ ಹಜಾರ, ನೂರಾರು ಮಕ್ಕಳು, ಒಬ್ಬ ಹೆಡ್‌ಮೇಷ್ಟ್ರು, ಕೆಲವು ಸಹಾಯಕರು, ಎಲ್ಲರೂ ಒಂದೇ ಗದ್ದಲದಲ್ಲಿ. ಜಾನ್ ಫಿಲ್‌ಬ್ರಿಕ್ ಮುಖ್ಯಸ್ಥರಾಗಿದ್ದ ಕ್ವಿನ್ಸಿ ಶಾಲೆಯಲ್ಲಿ ಹನ್ನೆರಡು ಕೋಣೆ, ಕೋಣೆಗೆ ಒಬ್ಬ ಟೀಚರ್, ವಯಸ್ಸು ಮತ್ತು ಕಲಿಕೆಗೆ ತಕ್ಕಂತೆ ವಿಂಗಡಿಸಿದ ಮಕ್ಕಳು, ಪ್ರತಿ ಮಗುವಿಗೂ ತನ್ನದೇ ಡೆಸ್ಕು. ಒಂದನೇ ಕ್ಲಾಸು, ಎರಡನೇ ಕ್ಲಾಸು ಅಂತ ನಾವು ಸಹಜವೆಂಬಂತೆ ಹೇಳುವ ಏರ್ಪಾಡು ಅಮೆರಿಕದ ನಗರಗಳಿಗೆ ಹರಡಿದ್ದು ಈ ಕಟ್ಟಡದಿಂದ. 1852ರಲ್ಲಿ ಮ್ಯಾಸಚೂಸೆಟ್ಸ್ ಶಾಲಾ ಹಾಜರಾತಿಯನ್ನು ಕಡ್ಡಾಯ ಮಾಡಿತು. ಅಮೆರಿಕದಲ್ಲಿ ಅದೇ ಮೊದಲು.

ಇಷ್ಟೆಲ್ಲಾ ಮೊದಲುಗಳ ನಡುವೆಯೇ ನಡೆದ ಇನ್ನೊಂದು ಸಂಗತಿಯನ್ನು ನಿಧಾನವಾಗಿ ಹೇಳಬೇಕು. ಸಾರಾ ರಾಬರ್ಟ್ಸ್ ಎಂಬ ಐದು ವರ್ಷದ ಕಪ್ಪು ಹುಡುಗಿ. ಅಪ್ಪ ಬೆಂಜಮಿನ್ ರಾಬರ್ಟ್ಸ್ ಮುದ್ರಣದ ಕೆಲಸದವರು. ನಗರದಲ್ಲಿ ಕಪ್ಪು ಮಕ್ಕಳಿಗೆ ಬೇರೆ ಶಾಲೆ ಇತ್ತು, ಬೀಕನ್ ಹಿಲ್ ಗುಡ್ಡದ ಮೇಲಿನ ಏಬಿಯಲ್ ಸ್ಮಿತ್ ಸ್ಕೂಲ್. ಸಾರಾ ಅಲ್ಲಿಗೆ ಹೋಗಬೇಕಾದರೆ ದಾರಿಯಲ್ಲಿ ಬಿಳಿಯರ ಐದು ಶಾಲೆಗಳನ್ನು ದಾಟಬೇಕು. ಹತ್ತಿರದ ಶಾಲೆಗೆ ಸೇರಿಸಿಕೊಳ್ಳಿ ಎಂದು ಅಪ್ಪ ಅರ್ಜಿ ಮೇಲೆ ಅರ್ಜಿ ಹಾಕಿದರು. ಆಗಲಿಲ್ಲ, ಕೋರ್ಟಿಗೆ ಹೋದರು. ದೇಶದ ಮೊದಲ ಕಪ್ಪು ವಕೀಲರಲ್ಲಿ ಒಬ್ಬರಾದ ರಾಬರ್ಟ್ ಮೋರಿಸ್ ಮತ್ತು ಮುಂದೆ ಸೆನೆಟರ್ ಆದ ಚಾರ್ಲ್ಸ್ ಸಮ್ನರ್ 1849ರ ಡಿಸೆಂಬರ್‌ನಲ್ಲಿ ವಾದ ಮಾಡಿದರು. ಬೇರೆ ಶಾಲೆ ಎಂಬುದೇ ಮಗುವಿಗೆ ಆಗುವ ಗಾಯ, ಅದು ಬಿಳಿಯ ಮಕ್ಕಳನ್ನೂ ಕೆಡಿಸುತ್ತದೆ ಎಂಬುದು ಸಮ್ನರ್ ಅವರ ವಾದ. ಮುಖ್ಯ ನ್ಯಾಯಮೂರ್ತಿ ಲೆಮ್ಯುಯೆಲ್ ಶಾ ಒಪ್ಪಲಿಲ್ಲ. ಮಕ್ಕಳನ್ನು ಹೇಗೆ ಹಂಚಬೇಕು ಎಂಬುದು ಕಮಿಟಿಯ ವಿವೇಚನೆಗೆ ಬಿಟ್ಟದ್ದು, ಪೂರ್ವಗ್ರಹ ಕಾನೂನಿನಿಂದ ಹುಟ್ಟಿದ್ದಲ್ಲ, ಕಾನೂನಿನಿಂದ ಹೋಗುವುದೂ ಇಲ್ಲ ಎಂದು ತೀರ್ಪು ಕೊಟ್ಟರು. ವಿಲಿಯಂ ಕೂಪರ್ ನೆಲ್ ಅವರ ಮುಂದಾಳ್ತನದಲ್ಲಿ ಕಪ್ಪು ಕುಟುಂಬಗಳು ಸ್ಮಿತ್ ಶಾಲೆಯನ್ನು ಬಹಿಷ್ಕರಿಸಿದವು, ಶಾಸಕರ ಬಾಗಿಲು ತಟ್ಟಿದವು. 1855ರಲ್ಲಿ ರಾಜ್ಯವೇ ಕಾನೂನು ಮಾಡಿ ಬಣ್ಣದ ಆಧಾರದ ಮೇಲೆ ಮಕ್ಕಳನ್ನು ಶಾಲೆಯಿಂದ ಹೊರಗಿಡುವುದನ್ನು ನಿಷೇಧಿಸಿತು. ಜನ ಗೆದ್ದರು. ಆದರೆ ಶಾ ಬರೆದ ಮಾತು ಸಾಯಲಿಲ್ಲ. 1896ರಲ್ಲಿ ಸುಪ್ರೀಂ ಕೋರ್ಟು ಪ್ಲೆಸಿ ಪ್ರಕರಣದಲ್ಲಿ 'ಬೇರೆ ಬೇರೆ, ಆದರೂ ಸಮಾನ' ಎಂಬ ನೀತಿಯನ್ನು ಎತ್ತಿಹಿಡಿದಾಗ ಆಧಾರವಾಗಿ ತೋರಿಸಿದ್ದು ಬಾಸ್ಟನ್ನಿನ ಈ ತೀರ್ಪನ್ನೂ ಸೇರಿಸಿ. ಒಂದು ಊರಿನ ಸ್ಕೂಲ್ ಕಮಿಟಿಯ ಹಟ ಇಡೀ ದೇಶದ ಅರ್ಧ ಶತಮಾನಕ್ಕೆ ನೆಪವಾಯಿತು.

ಸ್ಮಿತ್ ಶಾಲೆಯ ಇಟ್ಟಿಗೆ ಕಟ್ಟಡ ಇವತ್ತಿಗೂ ಇದೆ, ವಸ್ತುಸಂಗ್ರಹಾಲಯವಾಗಿದೆ. ಬಾಸ್ಟನ್ನಿಗೆ ಮಕ್ಕಳನ್ನು ನೋಡಲು ಹೋಗುವವರು ಒಮ್ಮೆ ಹೋಗಿ ಬನ್ನಿ.

ಅಷ್ಟರಲ್ಲಿ ಐರ್ಲೆಂಡಿನ ಬರಗಾಲದಿಂದ ಓಡಿಬಂದ ಕ್ಯಾಥೊಲಿಕ್ ಜನ ನಗರ ತುಂಬಿದ್ದರು. 1859ರಲ್ಲಿ ಎಲಿಯಟ್ ಶಾಲೆಯಲ್ಲಿ ಥಾಮಸ್ ವಾಲ್ ಎಂಬ ಹುಡುಗ ಬೈಬಲ್ಲಿನ ಹತ್ತು ಕಟ್ಟಳೆಗಳನ್ನು ಪ್ರಾಟೆಸ್ಟೆಂಟರು ಹೇಳುವ ರೂಪದಲ್ಲಿ ಹೇಳುವುದಿಲ್ಲ ಅಂದದ್ದಕ್ಕೆ ಅವನ ಅಂಗೈಗೆ ಏಟು ಬಿತ್ತು, ನೂರಾರು ಮಕ್ಕಳು ಶಾಲೆ ಬಿಟ್ಟು ಹೊರಬಂದರು. ಮುಂದೆ ಅದೇ ಐರಿಷ್ ಜನ ನಗರದ ಆಡಳಿತ ಹಿಡಿದರು. ಕಮಿಟಿಯ ಆಕಾರವೂ ಬದಲಾಗುತ್ತಾ ಹೋಯಿತು. ಒಂದು ಕಾಲಕ್ಕೆ 116 ಜನರಿದ್ದ ಕಮಿಟಿ 1870ರ ದಶಕದಲ್ಲಿ 24ಕ್ಕೆ, 1905ರಲ್ಲಿ ಐದಕ್ಕೆ ಇಳಿಯಿತು. ಐದು ಜನರನ್ನೂ ಇಡೀ ನಗರದ ಮತದಿಂದ ಆರಿಸಬೇಕು, ವಾರ್ಡಿಗೊಬ್ಬರು ಅಂತಿಲ್ಲ. ಅಲ್ಪಸಂಖ್ಯೆಯಲ್ಲಿದ್ದ ಕಪ್ಪು ಜನ ಎಷ್ಟೇ ಒಗ್ಗಟ್ಟಾಗಿ ಮತ ಹಾಕಿದರೂ ತಮ್ಮವರನ್ನು ಗೆಲ್ಲಿಸಿಕೊಳ್ಳಲಾಗದ ಲೆಕ್ಕ ಅದು. 1977ರಲ್ಲಿ ಜಾನ್ ಒ'ಬ್ರಯಂಟ್ ಗೆಲ್ಲುವವರೆಗೂ ಇಪ್ಪತ್ತನೆಯ ಶತಮಾನದಲ್ಲಿ ಒಬ್ಬ ಕಪ್ಪು ಸದಸ್ಯನೂ ಇರಲಿಲ್ಲ.

ಈ ಹೊತ್ತಿಗೇ ಗೆರೆಯೂ ಗಟ್ಟಿಯಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಬಾಸ್ಟನ್ ಸುತ್ತಲಿನ ಊರುಗಳನ್ನು ಒಂದೊಂದಾಗಿ ಸೇರಿಸಿಕೊಳ್ಳುತ್ತಿತ್ತು. 1868ರಲ್ಲಿ ರಾಕ್ಸ್‌ಬರಿ, 1870ರಲ್ಲಿ ಡಾರ್ಚೆಸ್ಟರ್, 1874ರಲ್ಲಿ ಚಾರ್ಲ್ಸ್‌ಟೌನ್, ಬ್ರೈಟನ್, ವೆಸ್ಟ್ ರಾಕ್ಸ್‌ಬರಿ. ಆದರೆ ಬ್ರೂಕ್‌ಲೈನ್ ಎಂಬ ಸಿರಿವಂತರ ಊರು 1873ರಲ್ಲಿ ಮತ ಹಾಕಿ ಸೇರುವುದಿಲ್ಲ ಅಂದಿತು. 1874ರ ನಂತರ, 1912ರಲ್ಲಿ ಸೇರಿದ ಹೈಡ್ ಪಾರ್ಕ್ ಒಂದನ್ನು ಬಿಟ್ಟರೆ ನಗರ ಬೆಳೆಯಲೇ ಇಲ್ಲ. ಭೂಪಟ ತೆಗೆದು ನೋಡಿ: ಬ್ರೂಕ್‌ಲೈನನ್ನು ಬಾಸ್ಟನ್ ಮೂರು ಕಡೆಯಿಂದ ಸುತ್ತುವರಿದಿದೆ. ರಸ್ತೆ ದಾಟಿದರೆ ಊರು ಬೇರೆ, ಕಂದಾಯ ಬೇರೆ, ಶಾಲೆ ಬೇರೆ.

ಈಗ 1963ಕ್ಕೆ ಬರೋಣ. ದಕ್ಷಿಣದ ರಾಜ್ಯಗಳಿಂದ ಬಂದ ಕಪ್ಪು ಕುಟುಂಬಗಳು ರಾಕ್ಸ್‌ಬರಿ, ಡಾರ್ಚೆಸ್ಟರ್ ಭಾಗದಲ್ಲಿ ನೆಲೆಸಿದ್ದವು. ಅವರ ಮಕ್ಕಳ ಶಾಲೆಗಳು ಹಳೆಯವು, ಕಿಕ್ಕಿರಿದವು. ಬೇರೆ ಕಡೆ ಬಿಳಿಯರ ಶಾಲೆಗಳಲ್ಲಿ ಬೆಂಚು ಖಾಲಿ. ಜೂನ್ 11ರ ಸಂಜೆ ರೂತ್ ಬ್ಯಾಟ್ಸನ್ ಎಂಬ ತಾಯಿ ಸಂಗಡಿಗರೊಂದಿಗೆ ಕಮಿಟಿಯ ಮುಂದೆ ನಿಂತು ಬೇಡಿಕೆಗಳನ್ನು ಓದಿದರು. ನಗರದ ಶಾಲೆಗಳಲ್ಲಿ ವಾಸ್ತವವಾಗಿ ಕಪ್ಪು ಮತ್ತು ಬಿಳಿಯ ಮಕ್ಕಳ ಬೇರ್ಪಡೆ ಇದೆ ಎಂದು ಒಪ್ಪಿಕೊಳ್ಳಿ ಎಂಬುದು ಮೊದಲ ಬೇಡಿಕೆ. ಲೂಯಿಸ್ ಡೇ ಹಿಕ್ಸ್ ಅಧ್ಯಕ್ಷರಾಗಿದ್ದ ಕಮಿಟಿ ಬೇರೆ ವಿಷಯ ಮಾತಾಡಲು ಸಿದ್ಧವಿತ್ತು, ಆ ಒಂದು ಮಾತನ್ನು ಒಪ್ಪಲು ಸಿದ್ಧವಿರಲಿಲ್ಲ. ವಾರದೊಳಗೆ ಸಾವಿರಾರು ಮಕ್ಕಳು ಶಾಲೆಗೆ ಗೈರಾಗಿ, ಚರ್ಚುಗಳಲ್ಲಿ ನಡೆದ ಸ್ವಾತಂತ್ರ್ಯದ ಪಾಠಗಳಿಗೆ ಹೋದರು.

1965ರಲ್ಲಿ ರಾಜ್ಯ ಒಂದು ಕಾನೂನು ಮಾಡಿತು. ಬಿಳಿಯರಲ್ಲದ ಮಕ್ಕಳು ಅರ್ಧಕ್ಕಿಂತ ಹೆಚ್ಚಿರುವ ಶಾಲೆ 'ಅಸಮತೋಲನ'ದ ಶಾಲೆ, ಅದನ್ನು ಸರಿಪಡಿಸದಿದ್ದರೆ ಸಹಾಯಧನ ಇಲ್ಲ. ಒಳ್ಳೆಯ ಉದ್ದೇಶ. ಆದರೆ ಈ ಲೆಕ್ಕವನ್ನು ತಿರುಗಿಸಿ ನೋಡಿ. ಒಂದು ಕಪ್ಪು ಮಗುವೂ ಇಲ್ಲದ ಉಪನಗರದ ಶಾಲೆ ಈ ಕಾನೂನಿನ ಕಣ್ಣಿಗೆ ಸಮತೋಲನದ ಶಾಲೆ! ಉಪನಗರದ ಶಾಸಕರು ನೆಮ್ಮದಿಯಿಂದ ಕೈ ಎತ್ತಬಹುದಾದ ಕಾನೂನು.

ಆ ವರ್ಷವೇ ರಾಕ್ಸ್‌ಬರಿಯ ತಾಯಂದಿರು, ಎಲೆನ್ ಜಾಕ್ಸನ್ ಅವರ ಮುಂದಾಳ್ತನದಲ್ಲಿ, ತಾವೇ ಹಣ ಹೊಂದಿಸಿ ಬಸ್ಸು ಗೊತ್ತುಮಾಡಿ, ನಗರದ ಬೇರೆ ಭಾಗದ ಖಾಲಿ ಬೆಂಚುಗಳಿಗೆ ಮಕ್ಕಳನ್ನು ಕಳಿಸಿದರು. ಮರುವರ್ಷ, 1966ರಲ್ಲಿ, ಮೆಟ್ಕೊ ಎಂಬ ಯೋಜನೆ ಶುರುವಾಯಿತು. ಏಳು ಉಪನಗರಗಳು ಸ್ವಇಚ್ಛೆಯಿಂದ ಬಾಗಿಲು ತೆರೆದವು, 220 ಮಕ್ಕಳು ಗೆರೆ ದಾಟಿ ಹೋದರು. ರೂತ್ ಬ್ಯಾಟ್ಸನ್ ಅದನ್ನು ಕಟ್ಟಿ ನಡೆಸಿದವರಲ್ಲಿ ಒಬ್ಬರು. ನನ್ನ ಮಗಳ ಗೆಳತಿ ಹತ್ತುತ್ತಿದ್ದ ಬಸ್ಸು ಇದೇ.

ನಗರದ ಕಮಿಟಿ ಮಾತ್ರ ಕದಲಲಿಲ್ಲ. 1972ರಲ್ಲಿ ಟಲೂಲಾ ಮಾರ್ಗನ್ ಮತ್ತು ಇತರ ಪೋಷಕರು ಫೆಡರಲ್ ಕೋರ್ಟಿಗೆ ಹೋದರು. 1974ರ ಜೂನ್ 21ರಂದು ನ್ಯಾಯಾಧೀಶ ಆರ್ಥರ್ ಗ್ಯಾರಿಟಿ ತೀರ್ಪು ಕೊಟ್ಟರು: ಕಮಿಟಿ ತಿಳಿದೂ ತಿಳಿದೂ ಎರಡು ಶಾಲಾ ವ್ಯವಸ್ಥೆಗಳನ್ನು ನಡೆಸಿದೆ. ಹೇಗೆ? ಕಪ್ಪು ಮಕ್ಕಳು ಹೆಚ್ಚಿದ್ದ ಮಾಧ್ಯಮಿಕ ಶಾಲೆ ಎಂಟನೆಯ ತರಗತಿಗೆ ಮುಗಿಯುವಂತೆ, ಬಿಳಿಯರದ್ದು ಒಂಬತ್ತಕ್ಕೆ ಮುಗಿಯುವಂತೆ ಮಾಡಿದರೆ ಸಾಕು. ಅವರು ಸೇರುವ ಹೈಸ್ಕೂಲುಗಳು ತಾವಾಗಿಯೇ ಬೇರೆಯಾಗುತ್ತವೆ. ಎಲ್ಲೂ ಬಣ್ಣದ ಹೆಸರೆತ್ತಬೇಕಾಗಿಲ್ಲ. ತರಗತಿ, ವರ್ಗಾವಣೆ, ಗಡಿ ಇಂಥ ಒಣ ಕಾಗದಗಳಲ್ಲೇ ಕೆಲಸ ಮುಗಿದಿತ್ತು. ಆಡಳಿತದ ಕಾಗದಗಳನ್ನು ಓದಲು ಬೇಸರಪಡಬಾರದು ಅಂತ ನಾನು ಕಲಿತದ್ದು ಈ ತೀರ್ಪಿನಿಂದ.

ಪರಿಹಾರವೆಂದು ಮಕ್ಕಳನ್ನು ಬಸ್ಸಿನಲ್ಲಿ ಅದಲುಬದಲು ಮಾಡುವ ಯೋಜನೆ ಬಂತು. ಬಡ ಐರಿಷ್ ಕೂಲಿಕಾರರ ಸೌತ್ ಬಾಸ್ಟನ್ನನ್ನು ಬಡ ಕಪ್ಪು ಜನರ ರಾಕ್ಸ್‌ಬರಿಯೊಂದಿಗೆ ಜೋಡಿ ಮಾಡಿದರು. ಸೆಪ್ಟೆಂಬರ್ 12ರಂದು ಶಾಲೆ ತೆರೆದಾಗ ಸೌತ್ ಬಾಸ್ಟನ್ ಹೈಸ್ಕೂಲಿಗೆ 1,300 ಮಕ್ಕಳು ಬರಬೇಕಿದ್ದಲ್ಲಿ ಬಂದದ್ದು ನೂರರ ಆಸುಪಾಸು. ಮನೆಗೆ ಮರಳುತ್ತಿದ್ದ ಕಪ್ಪು ಮಕ್ಕಳ ಬಸ್ಸುಗಳಿಗೆ ಕಲ್ಲು ಬಿತ್ತು, ಗಾಜು ಒಡೆಯಿತು, ಮಕ್ಕಳಿಗೆ ಗಾಯವಾಯಿತು. ದೊಡ್ಡವರು, ತಾಯಂದಿರೂ ಸೇರಿ, ಮಕ್ಕಳ ಬಸ್ಸಿಗೆ ಕಲ್ಲು ಹೊಡೆದರು. ಇದನ್ನು ಹೇಳುವಾಗ ಈಗಲೂ ನನಗೆ ಗಂಟಲು ಕಟ್ಟುತ್ತದೆ. 1976ರ ಏಪ್ರಿಲ್ 5ರಂದು ನಗರಸಭೆಯ ಎದುರಿನ ಅಂಗಳದಲ್ಲಿ ಕೆಲಸದ ಮೇಲೆ ಹೋಗುತ್ತಿದ್ದ ಕಪ್ಪು ವಕೀಲ ಟೆಡ್ ಲ್ಯಾಂಡ್ಸ್‌ಮಾರ್ಕ್ ಅವರ ಮೇಲೆ ಹುಡುಗನೊಬ್ಬ ಅಮೆರಿಕದ ಬಾವುಟದ ಕೋಲನ್ನೇ ಬೀಸಿದ. ಸ್ಟ್ಯಾನ್ಲಿ ಫೋರ್‌ಮನ್ ತೆಗೆದ ಆ ಫೋಟೋಗೆ ಪುಲಿಟ್ಜರ್ ಪ್ರಶಸ್ತಿ ಬಂತು. ನಿಮ್ಮಲ್ಲಿ ಕೆಲವರು ನೋಡಿರಬಹುದು.

ಕಲ್ಲು ಹೊಡೆದವರನ್ನು ಜನಾಂಗದ್ವೇಷಿಗಳು ಅಂದು ಮುಗಿಸಿಬಿಡಬಹುದು. ದ್ವೇಷ ಇತ್ತು, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಅವರು ಕೇಳುತ್ತಿದ್ದ ಒಂದು ಪ್ರಶ್ನೆ ಸರಿಯಾಗಿತ್ತು: ನಮ್ಮ ಮಕ್ಕಳು ಮಾತ್ರ ಯಾಕೆ, ಉಪನಗರದವರ ಮಕ್ಕಳು ಯಾಕಲ್ಲ? ನ್ಯಾಯಾಧೀಶ ಗ್ಯಾರಿಟಿ ಅವರ ಮನೆ ಇದ್ದದ್ದು ವೆಲ್ಸ್‌ಲಿಯಲ್ಲಿ, ಅಂದರೆ ಗೆರೆಯ ಆಚೆ. ಅವರ ಆದೇಶ ಅವರ ಊರನ್ನು ಮುಟ್ಟುವ ಹಾಗಿರಲಿಲ್ಲ. ಅದು ಅವರ ತಪ್ಪಲ್ಲ. ಬಾಸ್ಟನ್ ತೀರ್ಪು ಬಂದು ಒಂದು ತಿಂಗಳಾಗಿತ್ತು ಅಷ್ಟೇ, 1974ರ ಜುಲೈ 25ರಂದು ಡೆಟ್ರಾಯಿಟ್ ನಗರದ ಮಿಲ್ಲಿಕನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕರ ಬಹುಮತದಿಂದ ಹೇಳಿತು: ಉಪನಗರಗಳ ಶಾಲಾ ಜಿಲ್ಲೆಗಳು ತಾವೇ ತಪ್ಪು ಮಾಡಿದ್ದು ಸಾಬೀತಾಗದ ಹೊರತು ನಗರದ ಬೇರ್ಪಡೆ ಸರಿಪಡಿಸಲು ಅವುಗಳನ್ನು ಎಳೆದು ತರುವಂತಿಲ್ಲ. ನನ್ನ ಮಟ್ಟಿಗೆ ಈ ಇಡೀ ಕಥೆಯ ಕೀಲು ಇದು. 1873ರಲ್ಲಿ ಬ್ರೂಕ್‌ಲೈನ್ ಹಾಕಿಕೊಂಡ ಬೇಲಿಯಂಥ ಬೇಲಿಗಳಿಗೆಲ್ಲ ನೂರು ವರ್ಷದ ನಂತರ ಸರ್ವೋಚ್ಚ ನ್ಯಾಯಾಲಯದ ಮುದ್ರೆ ಬಿತ್ತು.

ಆಮೇಲೆ ಆದದ್ದನ್ನು ಊಹಿಸಬಹುದು. ಕೈಲಾದವರು ಗೆರೆ ದಾಟಿದರು, ಇಲ್ಲವೇ ಖಾಸಗಿ ಮತ್ತು ಚರ್ಚಿನ ಶಾಲೆಗಳಿಗೆ ಹೋದರು. ಎಪ್ಪತ್ತರ ದಶಕದ ಆರಂಭದಲ್ಲಿ 90 ಸಾವಿರಕ್ಕೂ ಹೆಚ್ಚು ಮಕ್ಕಳಿದ್ದ ಬಾಸ್ಟನ್ ಶಾಲೆಗಳಲ್ಲಿ 1988ರ ಹೊತ್ತಿಗೆ ಉಳಿದದ್ದು ಸುಮಾರು 57 ಸಾವಿರ. ಮಕ್ಕಳ ಜನನ ಕಡಿಮೆಯಾದದ್ದು, ಉಪನಗರದ ಸೆಳೆತ ಮೊದಲೇ ಇದ್ದದ್ದು ಇವೂ ಕಾರಣ, ಬಸ್ಸೊಂದೇ ಅಲ್ಲ. ಇದರ ನಡುವೆ 1980ರಲ್ಲಿ ರಾಜ್ಯದ ಮತದಾರರು ಆಸ್ತಿ ಕಂದಾಯಕ್ಕೆ ಎರಡೂವರೆ ಪರ್ಸೆಂಟಿನ ಮಿತಿ ಹಾಕಿದರು, ನಗರ ಅನೇಕ ಶಾಲೆಗಳನ್ನು ಮುಚ್ಚಿತು.

ಇನ್ನು ಇವತ್ತಿನ ನಡೆಯ ಬಗ್ಗೆ. ಬಾಸ್ಟನ್ನಿನಲ್ಲಿ ಮನೆ ಹತ್ತಿರದ ಶಾಲೆಗೆ ಹೋಗಿ ದಾಖಲಾತಿ ಮಾಡಿಸಿ ಬರುವ ಹಾಗಿಲ್ಲ. ಪೋಷಕರು ಶಾಲೆಗಳ ಪಟ್ಟಿಯನ್ನು ತಮಗೆ ಬೇಕಾದ ಕ್ರಮದಲ್ಲಿ ಬರೆದು ಕೊಡಬೇಕು, ಕಂಪ್ಯೂಟರ್ ಹಂಚುತ್ತದೆ. ಅಣ್ಣನೋ ಅಕ್ಕನೋ ಅದೇ ಶಾಲೆಯಲ್ಲಿದ್ದರೆ ಆದ್ಯತೆ, ಉಳಿದವರಿಗೆ ಲಾಟರಿ ಸಂಖ್ಯೆ. ಹಳೆಯ ಹಂಚಿಕೆಯಲ್ಲಿ ಒಂದು ಗಂಟಿತ್ತು, ಅರ್ಥಶಾಸ್ತ್ರದವರು ಅದಕ್ಕೆ 'ಬಾಸ್ಟನ್ ವಿಧಾನ' ಅಂತಲೇ ಹೆಸರಿಟ್ಟಿದ್ದಾರೆ. ಮೊದಲ ಸುತ್ತಿನಲ್ಲಿ ಎಲ್ಲರ ಮೊದಲ ಆಯ್ಕೆಯನ್ನು ನೋಡಿ ಸೀಟು ಖಾಯಂ ಮಾಡಿಬಿಡುತ್ತಿದ್ದರು. ನೀವು ಬಹಳ ಬೇಡಿಕೆಯ ಶಾಲೆಯನ್ನು ಮೊದಲು ಬರೆದು ಅದು ಸಿಗಲಿಲ್ಲ ಅಂದುಕೊಳ್ಳಿ. ನಿಮ್ಮ ಎರಡನೆಯ ಶಾಲೆಗೆ ನಿಮಗೇ ಹೆಚ್ಚು ಆದ್ಯತೆ ಇದ್ದರೂ, ಅದನ್ನು ಮೊದಲು ಬರೆದವರಿಂದ ಅಷ್ಟರಲ್ಲಿ ತುಂಬಿಹೋಗಿರುತ್ತದೆ. ಮೂರನೆಯದೂ ಹಾಗೆಯೇ. ಮನಸ್ಸಿನಲ್ಲಿ ಇರುವುದನ್ನು ಇದ್ದ ಹಾಗೆ ಬರೆದವರೇ ಎಲ್ಲಾ ಕಳೆದುಕೊಳ್ಳುತ್ತಿದ್ದರು. ಇದು ಗೊತ್ತಿದ್ದ ಪೋಷಕರು ಗುಂಪು ಕಟ್ಟಿಕೊಂಡು, ಯಾವುದನ್ನು ಮೊದಲು ಬರೆದರೆ ಸುರಕ್ಷಿತ ಅಂತ ಲೆಕ್ಕ ಹಾಕುತ್ತಿದ್ದರು. ಎರಡು ಕಡೆ ದುಡಿಯುವ ತಾಯಿಗೆ, ಇಂಗ್ಲಿಷ್ ಬಾರದ ತಂದೆಗೆ ಈ ಗುಟ್ಟು ಹೇಳುವವರು ಯಾರು?

ಆಲ್ವಿನ್ ರಾತ್, ಅತಿಲಾ ಅಬ್ದುಲ್ಕಾದಿರೊಗ್ಲು, ಪರಾಗ್ ಪಾಠಕ್, ತೈಫುನ್ ಸೊನ್ಮೆಜ್ ಎಂಬ ಅರ್ಥಶಾಸ್ತ್ರಜ್ಞರು ಇದನ್ನು ಕಮಿಟಿಗೆ ಬಿಡಿಸಿ ತೋರಿಸಿದರು. 2005ರಲ್ಲಿ ಕಮಿಟಿ ವಿಧಾನವನ್ನೇ ಬದಲಿಸಿತು. ಗೇಲ್ ಮತ್ತು ಶಾಪ್ಲಿ 1962ರಲ್ಲಿ ಬರೆದ ಗಣಿತ ಅದಕ್ಕೆ ಆಧಾರ. ಹೊಸ ವಿಧಾನದಲ್ಲಿ ಸೀಟು ಕೊನೆಯವರೆಗೂ ತಾತ್ಕಾಲಿಕ. ಮೊದಲ ಶಾಲೆ ಸಿಗದ ಮಗು ಎರಡನೆಯದಕ್ಕೆ ಬಂದಾಗ ಅಲ್ಲಿ ಅವನ ಆದ್ಯತೆ ಹೆಚ್ಚಿದ್ದರೆ ಮೊದಲೇ ಕೂತವರು ಎದ್ದು ತಮ್ಮ ಮುಂದಿನ ಆಯ್ಕೆಗೆ ಹೋಗಬೇಕು. ಹಾಗಾಗಿ ನಿಜವನ್ನು ಬರೆದವರಿಗೆ ನಷ್ಟವಿಲ್ಲ. ರಾತ್ ಮತ್ತು ಶಾಪ್ಲಿ ಅವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಸೀಟು ಹಂಚುವ ಕೆಲಸದಲ್ಲಿರುವವರು ಯಾವ ಊರಿನವರಾಗಲಿ ಇದನ್ನು ಓದಬೇಕು. ಪ್ರಾಮಾಣಿಕರು ಸೋಲದ ಹಾಗೆ ನಿಯಮ ಬರೆಯಲು ಸಾಧ್ಯ ಎಂಬುದಕ್ಕೆ ಇಷ್ಟು ಗಟ್ಟಿಯಾದ ಪುರಾವೆ ನನಗೆ ಬೇರೆ ಸಿಕ್ಕಿಲ್ಲ.

ಆದರೆ ಒಳ್ಳೆಯ ಶಾಲೆಗಳೇ ಕಡಿಮೆ ಇದ್ದರೆ ಹಂಚುವ ಜಾಣ್ಮೆ ಎಷ್ಟು ದೂರ ಬಂದೀತು? ಜನಾಂಗ ನೋಡಿ ಹಂಚುವುದನ್ನು ಕಮಿಟಿ 1999ರಲ್ಲಿ ಕೈಬಿಟ್ಟಿತು. 2013ರಲ್ಲಿ ಒಪ್ಪಿದ ಈಗಿನ ಯೋಜನೆಯಲ್ಲಿ ಪ್ರತಿ ಮನೆಗೂ ಅದರ ವಿಳಾಸಕ್ಕೆ ತಕ್ಕ ಶಾಲೆಗಳ ಪಟ್ಟಿ ಬರುತ್ತದೆ, ಅದರಲ್ಲಿ ಫಲಿತಾಂಶ ಚೆನ್ನಾಗಿರುವ ಶಾಲೆಗಳು ಇಷ್ಟಾದರೂ ಇರಲೇಬೇಕು ಎಂಬ ನಿಯಮವಿದೆ. ಬಸ್ಸುಗಳು ಇವತ್ತಿಗೂ ಊರು ತುಂಬಾ ಓಡಾಡುತ್ತವೆ. 2017ರಲ್ಲಿ ಎಂಐಟಿಯ ಸಂಶೋಧಕರು ಅವುಗಳ ದಾರಿಯನ್ನು ಹೊಸದಾಗಿ ಲೆಕ್ಕ ಹಾಕಿ ಸುಮಾರು ಐವತ್ತು ಬಸ್ಸು ಉಳಿಸಿದರು. ಅದೇ ಜಾಣ್ಮೆಯಿಂದ ಶಾಲೆ ಶುರುವಾಗುವ ಹೊತ್ತನ್ನೂ ಬದಲಿಸಲು ಹೋದಾಗ ಪೋಷಕರು ಸಿಟ್ಟಾದರು, ನಗರ ಹಿಂದೆ ಸರಿಯಿತು. ಎಂಟು ಗಂಟೆಗೆ ಡ್ಯೂಟಿಗೆ ಹೋಗುವ ತಾಯಿಯ ದಿನಚರಿ ಆ ಲೆಕ್ಕದಲ್ಲಿ ಇರಲಿಲ್ಲ.

ಕಮಿಟಿಯಲ್ಲಿ ಈಗ ಏಳು ಜನ. 1992ರಿಂದ ಅವರನ್ನು ಮೇಯರ್ ನೇಮಿಸುತ್ತಾರೆ, ಮತದಾರರಲ್ಲ. 2021ರಲ್ಲಿ ಜನಾಭಿಪ್ರಾಯ ಕೇಳಿದಾಗ ಚುನಾವಣೆ ವಾಪಸ್ಸು ಬೇಕು ಎಂದು ಬಹಳ ದೊಡ್ಡ ಬಹುಮತ ಹೇಳಿತು. ಅದು ಸಲಹೆ ಮಾತ್ರ. 2023ರಲ್ಲಿ ನಗರಸಭೆ ಅದಕ್ಕಾಗಿ ನಿರ್ಣಯ ಮಾಡಿದರೂ ಮೇಯರ್ ಮಿಷೆಲ್ ವೂ ಒಪ್ಪಲಿಲ್ಲ. ಚುನಾಯಿತ ಕಮಿಟಿ 1963ರಲ್ಲಿ ಏನು ಮಾಡಿತು ಎಂಬುದನ್ನು ನೋಡಿದ ಮೇಲೂ ನನಗೆ ಚುನಾವಣೆಯೇ ಸರಿ ಅನ್ನಿಸುತ್ತದೆ, ವಾರ್ಡುವಾರು ಆದರೆ. ಒಪ್ಪದವರು ಇದ್ದೀರಿ ಅಂತ ನಿಮ್ಮ ಮುಖ ನೋಡಿದರೇ ಗೊತ್ತಾಗುತ್ತದೆ, ಆಮೇಲೆ ಮಾತಾಡೋಣ.

ಹಣದ ಕೊರತೆಯಾ ಅಂತ ಮೊನ್ನೆ ಒಬ್ಬರು ಕೇಳಿದರು. ಬಾಸ್ಟನ್ ಶಾಲೆಗಳ ವಾರ್ಷಿಕ ಬಜೆಟ್ 150 ಕೋಟಿ ಡಾಲರಿಗೂ ಹೆಚ್ಚು, ಮಕ್ಕಳು 50 ಸಾವಿರಕ್ಕಿಂತ ಸ್ವಲ್ಪ ಕಡಿಮೆ. ತಲಾ ಖರ್ಚು ಎಷ್ಟೋ ಸಿರಿವಂತ ಉಪನಗರಗಳಿಗಿಂತ ಹೆಚ್ಚು. ಹಾಗಾದರೆ? ಸುಮಾರು ಮೂರನೇ ಒಂದು ಪಾಲು ಮಕ್ಕಳು ಇಂಗ್ಲಿಷನ್ನು ಈಗಷ್ಟೇ ಕಲಿಯುತ್ತಿರುವವರು. ಸ್ಪ್ಯಾನಿಷ್, ಹೈಟಿಯ ಕ್ರಿಯೋಲ್, ಕೇಪ್ ವರ್ಡೆಯ ಕ್ರಿಯೋಲ್, ವಿಯೆಟ್ನಾಮಿ ಮಾತಾಡುವ ಮನೆಯವರು. ವಿಶೇಷ ಆರೈಕೆ ಬೇಕಾದ ಮಕ್ಕಳು ಬಹಳ. ಮನೆ ಬಾಡಿಗೆ ಕಟ್ಟಲಾಗದೆ ವರ್ಷಕ್ಕೆರಡು ಸಲ ಮನೆ ಬದಲಿಸುವವರ ಮಕ್ಕಳು. ಗೆರೆ ಹಂಚುವುದು ಹಣವನ್ನು ಮಾತ್ರ ಅಲ್ಲ, ಹೊರೆಯನ್ನೂ ಹಂಚುತ್ತದೆ. ಹೊರೆಯೆಲ್ಲಾ ಒಂದು ಕಡೆ ಬಿದ್ದ ಮೇಲೆ ಹಣ ಎಷ್ಟು ಸುರಿದರೂ ತಕ್ಕಡಿ ಸರಿಯಾಗುವುದು ಕಷ್ಟ. ಆ ಶಾಲೆಗಳ ಟೀಚರುಗಳನ್ನು ನಾನು ಹತ್ತಿರದಿಂದ ನೋಡಿದ್ದೇನೆ, ಡಾರ್ಚೆಸ್ಟರಿನ ಒಂದು ಶಾಲೆಯಲ್ಲಿ ನಾಲ್ಕು ವರ್ಷ ವಾರಕ್ಕೊಮ್ಮೆ ಮಕ್ಕಳಿಗೆ ಕಥೆ ಓದಿ ಹೇಳಲು ಹೋಗುತ್ತಿದ್ದೆ. ನನ್ನ ಮಕ್ಕಳ ಶಾಲೆಯ ಟೀಚರುಗಳಿಗಿಂತ ಅವರು ಒಂದು ಕೂದಲೆಳೆಯಷ್ಟೂ ಕಡಿಮೆ ಇರಲಿಲ್ಲ.

ನಾವು ಕನ್ನಡದವರು ಆ ಗೆರೆಯನ್ನು ಎಳೆದವರಲ್ಲ. ನಾವು ಹೋಗುವ ಹೊತ್ತಿಗೆ ಅದು ಇತ್ತು. ಆದರೆ ಆ ಗೆರೆಯ ಬೆಲೆ ಗೊತ್ತಿದ್ದೇ, ಲಕ್ಷಗಟ್ಟಲೆ ಡಾಲರ್ ಕೊಟ್ಟು, ಅದರ ಒಳ್ಳೆಯ ಬದಿಯಲ್ಲಿ ಮನೆ ಕೊಂಡೆವು. ಇದನ್ನು ನನಗೆ ನಾನೇ ಹೇಳಿಕೊಳ್ಳಲು ಬಹಳ ವರ್ಷ ಬೇಕಾಯಿತು.

ಮಗಳು ಐದನೇ ತರಗತಿಯಲ್ಲಿದ್ದಾಗ, ಜನವರಿಯ ಒಂದು ಸಂಜೆ, ಆ ಗೆಳತಿಗೆ ಊರಿಗೆ ಹೋಗುವ ಕೊನೆಯ ಬಸ್ಸು ತಪ್ಪಿತು. ಅವಳ ಅಮ್ಮ ಆಸ್ಪತ್ರೆಯಲ್ಲಿ ಪಾಳಿಯ ಕೆಲಸದಲ್ಲಿದ್ದರು. ಫೋನಿನಲ್ಲಿ ಕೇಳಿ ನಾನೇ ಕಾರಿನಲ್ಲಿ ಕರೆದುಕೊಂಡು ಹೊರಟೆ, ಮಗಳೂ ಜೊತೆಗಿದ್ದಳು. ಮ್ಯಾಸಚೂಸೆಟ್ಸಿನಲ್ಲಿ ಪ್ರತಿ ಊರಿನ ಎಲ್ಲೆಯಲ್ಲೂ ಒಂದು ಬಿಳಿಯ ಫಲಕ ನೆಟ್ಟಿರುತ್ತಾರೆ, ಊರಿನ ಹೆಸರು, ಅದು ಸ್ಥಾಪನೆಯಾದ ಇಸವಿ. ಆ ಫಲಕದ ಆಕಾರ ತೆರೆದಿಟ್ಟ ಪುಸ್ತಕದ್ದು. ಊರೂರಿಗೂ ಶಾಲೆ ಬೇಕು ಎಂದು ಮೊದಲು ಕಾನೂನು ಮಾಡಿದ ನಾಡು ಎಂಬ ಹೆಮ್ಮೆಗೆ ಹಾಗೆ ಮಾಡಿದ್ದು ಅಂತ ಹೇಳುತ್ತಾರೆ. ಹಿಂದಿನ ಸೀಟಿನಲ್ಲಿ ಇಬ್ಬರೂ ಕಿಟಕಿಗೆ ಮುಖ ಒತ್ತಿ, ಹೆಡ್‌ಲೈಟಿನ ಬೆಳಕು ಬಿದ್ದಾಗ ಫಲಕಗಳನ್ನು ಪೈಪೋಟಿಯಿಂದ ಜೋರಾಗಿ ಓದುತ್ತಿದ್ದರು. ವೆಲ್ಸ್‌ಲಿ. ನ್ಯೂಟನ್. ಬ್ರೂಕ್‌ಲೈನ್. ಬಾಸ್ಟನ್ ಬರುವಷ್ಟರಲ್ಲಿ ನನ್ನ ಮಗಳು ನಿದ್ದೆ ಹೋಗಿದ್ದಳು. ಆ ಹುಡುಗಿ ಮಾತ್ರ ಎಚ್ಚರವಾಗಿದ್ದು, ಮುಂದಕ್ಕೆ ಬಾಗಿ, ಎಡಕ್ಕೆ ತಿರುಗಿ ಆಂಟಿ, ಆಮೇಲೆ ನೇರ ಹೋಗಿ ಅಂತ ನನಗೆ ದಾರಿ ತೋರಿಸುತ್ತಿದ್ದಳು.